ಹದಿನಾಲ್ಕು ಮೊಳ ವಯರು

ಬಂದ್ಯೋಡಿನ ಮೀನಂಗಡಿಯಿಂದ ಬೇಡಿ ತಂದ
ಥರ್ಮೋಕೋಲ್ ಪೆಟ್ಟಿಗೆಯ ಮುಚ್ಚಳ.
ಮೂರು ಸಲ ತೊಳೆದರೂ ಬಂಗುಡೆಯ ವಾಸನೆ ಹೋಗಲಿಲ್ಲ.
ಅದರ ಮೇಲೆಯೇ ಊರಿದೆವು
ಎರಡು ಸೆಲ್ಲು, ಒಂದು ಕೆಂಪು ಎಲ್‌ಇಡಿ,
ಕಂದು ಕಪ್ಪು ಕಂದು ಪಟ್ಟೆಯ ರೆಸಿಸ್ಟರು.
ಬಳೆ ತೊಟ್ಟ ಅಕ್ಕಿಕಾಳು, ಎಂದ ಯಕ್ಷಿತ್.

ಉದ್ದ ಕಾಲು ಪ್ಲಸ್ಸಿಗೆ, ಗಿಡ್ಡ ಕಾಲು ಮೈನಸ್ಸಿಗೆ
ಎಂದು ನಾನು ಹೇಳುವಷ್ಟರಲ್ಲಿ
ಹಿಂದಿನ ಬೆಂಚು ತಿರುಗಿಸಿ ಚುಚ್ಚಿಯಾಗಿತ್ತು.
ಉರಿಯಲಿಲ್ಲ. ಸಿಟ್ಟು ಬಂದು
ಒಂಬತ್ತು ವೋಲ್ಟಿನ ಬಾಯಿಗೇ ಕೊಟ್ಟರು,
ಈ ಸಲ ಕಾಲು ಸರಿ, ರೆಸಿಸ್ಟರು ಇಲ್ಲ.
ಪಟ್ಟನೆ ಹೊಳೆದು ಸತ್ತಿತು.
ಯಾರೂ ನಗಲಿಲ್ಲ.

ಎರಡು ಡ್ರಾಯಿಂಗ್ ಪಿನ್ನು, ಒಂದು ಸೇಫ್ಟಿ ಪಿನ್ನು,
ಅದೇ ಸ್ವಿಚ್ಚು.
ಮುಟ್ಟಿದರೆ ಬೆಳಕು, ಎತ್ತಿದರೆ ಇಲ್ಲ.
ಸ್ವಿಚ್ಚಿಗೆ ತುಳುವಿನಲ್ಲಿ ಏನು? ಬ್ಯಾರಿಯಲ್ಲಿ? ಮಲಯಾಳದಲ್ಲಿ?
ಅರ್ಧ ಪೀರಿಯಡ್ಡು ಜಗಳವಾಡಿ
ಎಲ್ಲದರಲ್ಲೂ ಸ್ವಿಚ್ಚೇ ಎಂದು ತೀರ್ಮಾನ.

ರಂಸೀನಾಳದು ಮಾತ್ರ ಬೇರೆ ಪ್ರಶ್ನೆ:
ವಯರು ಎಷ್ಟು ಉದ್ದ ಎಳೆದರೆ ಬೆಳಕು ಸಾಯುತ್ತದೆ?
ಹದಿನಾಲ್ಕು ಮೊಳ ಆಗುತ್ತದಾ ಟೀಚರೇ?

ಮನೆಬಾಗಿಲಿಂದ ಹಿಂದಿನ ಜಗಲಿಗೆ ಅಷ್ಟು ದೂರ.
ಅಲ್ಲಿ ಗೆರಸೆ ಮಡಿಲಲ್ಲಿಟ್ಟು ಬೀಡಿ ಕಟ್ಟುವ ಉಮ್ಮಮ್ಮನಿಗೆ
ಎರಡು ವರ್ಷದಿಂದ ಕಿವಿ ಕೇಳುವುದಿಲ್ಲ.
ಶಾಲೆ ಬಿಟ್ಟು ಬಂದು ಬಡಿದು ಬಡಿದು
ಹುಡುಗಿಯ ಕೈಗೆಣ್ಣು ಕೆಂಪು.

ಮೊಳ ಹಾಕಿದ್ದು ಅವಳದೇ ಕೈಯಲ್ಲಿ.
ಅಂಗಡಿಯವನ ಮೊಳದಲ್ಲಿ ಹನ್ನೊಂದೇ ಆಯಿತು.

ಶನಿವಾರ ಹೋಗಿ ನೋಡಿದೆ.
ಹೊರಗೆ ಒತ್ತಿದಳು.
ಒಳಗೆ, ಹೊಗೆಸೊಪ್ಪಿನ ಡಬ್ಬದ ಮೇಲೆ
ಗುಲಗಂಜಿಯಷ್ಟು ಕೆಂಪು.
ಉಮ್ಮಮ್ಮ ನೂಲನ್ನು ಹಲ್ಲಲ್ಲಿ ಕಚ್ಚಿಕೊಂಡೇ ಎದ್ದು
ಬಾಗಿಲು ತೆರೆದರು,
ಸುಮ್ಮನೆ, ಕೇಳಿಸಿದವರ ಹಾಗೆ.

ಚಹಾ ಕೊಟ್ಟರು. ವಯರನ್ನು ಬೆರಳಲ್ಲಿ ಸವರುತ್ತ
ಹೊಸ್ತಿಲ ತನಕ ಹೋದರು, ಬಂದರು.
ಆಮೇಲೆ ಜೋರಾಗಿ, ಕೇಳದವರ ಜೋರು:
"ಹೊರಗೆ ನಿಂತವರಿಗೆ ಸ್ವಿಚ್ಚು. ನನಗೆಲ್ಲಿ?
ಬಂದೆ, ಮೊಣಕಾಲು ನೋವು, ಸ್ವಲ್ಪ ನಿಲ್ಲು
ಅಂತ ನಾನು ಯಾವುದರಲ್ಲಿ ಹೇಳಲಿ?"

ನನ್ನ ಪಾಠದಲ್ಲಿ ಅದು ಇರಲಿಲ್ಲ.

ಸೋಮವಾರ ಬೋರ್ಡಿನಲ್ಲಿ ನಾಲ್ಕು ಗೆರೆ ಎಳೆದೆ,
ಕರೆಯಲು ಎರಡು, ಓಗೊಡಲು ಎರಡು.
ಯಕ್ಷಿತ್ ತುಂಬ ಹೊತ್ತು ಉಗುರು ಕಚ್ಚಿ
ಎದ್ದು ಬಂದು ಒಂದನ್ನು ಅಂಗೈಯಲ್ಲಿ ಒರೆಸಿದ.
"ಮೂರು ಸಾಕು ಟೀಚರೇ. ಇದೊಂದು ಇಬ್ಬರದ್ದೂ."
ಸೆಲ್ಲಿನಿಂದ ಹೊರಟು ಸೆಲ್ಲಿಗೆ ಬರುವ ತನಕ
ಬೆರಳಿಟ್ಟು ನಡೆದು ನೋಡಿದೆ, ಎರಡು ಸಲ.
ಸರಿಯಿತ್ತು.

ಇನ್ನೊಂದು ಎಳೆ ತರಬೇಕು.
ಅಂಗಡಿಯವನ ಮೊಳದಲ್ಲಿ, ಹನ್ನೊಂದು.