ಕಚೇರಿಯ ಸಾಮಾನು

ಮಾಂಟೆವಿಡಿಯೊ. ನೋಟರಿ ಕಚೇರಿ.
ಕಪ್ಪು ಕೋಟು, ಬಿಳಿ ಅಂಗಿ, ಬೂದು ಟೈ:
ಇಷ್ಟೇ ಇಲ್ಲಿನ ಕಾನೂನು.
ಮೂವತ್ತೊಂದು ವರ್ಷ
ಎಲೆಯುತೇರಿಯೊ ಅದನ್ನು ಮೀರಿದವನಲ್ಲ.

ಹಳೆ ಟೈಪ್‌ರೈಟರುಗಳನ್ನು ತೂಕಕ್ಕೆ ಹಾಕಿದ ದಿನ
ಎರಡು ಕೀಲಿ ಕಿತ್ತು ಜೇಬಿಗಿಳಿಸಿದ;
ಬೆಸುಗೆ ಹಾಕಿಸಿ, ಗುಂಡಿಯ ಬದಲು
ತೋಳಂಚಿಗೆ ಸಿಕ್ಕಿಸಿದ.
ಎಡಕ್ಕೆ, ನೆತ್ತಿಯ ಮೇಲೆ ಅಲೆ ಹೊತ್ತ ಎನ್;
ಬಲಕ್ಕೆ, ತಲೆಕೆಳಗಾಗಿ ನಿಂತ ಪ್ರಶ್ನೆ.

"ಇದೇನ್ರೀ ಒಡವೆ?" ಸಾಹೇಬರ ಹುಬ್ಬು.
"ಒಡವೆಯಲ್ಲ ಸ್ವಾಮಿ, ಕಚೇರಿಯ ಸಾಮಾನು."

ಈಗ, ಮನೆ ಮಾರಲು ಬಂದವರಿಗೆ
"ಇಲ್ಲೊಂದು ಸಹಿ" ಎಂದು ಕೈ ಚಾಚಿದರೆ
ಕೋಟಿನ ತೋಳಿಂದ ಇಣುಕುತ್ತದೆ
ಸ್ಪ್ಯಾನಿಷಿನಲ್ಲಿ ಪ್ರಶ್ನೆಗೂ ಮೊದಲೇ ಬರುವ ಆ ಗುರುತು.

ನಿನ್ನೆ ಒಬ್ಬಾಕೆ
ಅದನ್ನೇ ನೋಡುತ್ತ ಕೂತಿದ್ದು,
ಪೆನ್ನಿಗೆ ಟೋಪಿ ಹಾಕಿ
ಎದ್ದು ಹೋದಳು.