ಪೆನ್ಸಿಲ್ಲಿನಲ್ಲಿ

ಗ್ರಾಫಿಕ್ಸ್ ಕಾರ್ಡಿನ ಫ್ಯಾನಿಗೆ ಮೆತ್ತಿದ
ತೋರಣಗಲ್ಲಿನ ಕೆಂಪು ಧೂಳನ್ನು
ಹಳೇ ಟೂತ್‌ಬ್ರಷ್ಷಿನಲ್ಲಿ ಕೆರೆಯುತ್ತ
ಎರ್ರಿಸ್ವಾಮಿ ಅಂದ:
"ಏಳು ವರ್ಷ ದುಡದೈತಿ ಅಕ್ಕ, ಇನ್ನ ಸಾಕು ಬಿಡ್ರಿ."

ಹೊಸದಕ್ಕೆ ಇಪ್ಪತ್ತೆಂಟು ಸಾವಿರ.
ಇದನ್ನು ಕೊಟ್ಟರೆ ಮೂರು, ಅದೂ ಜಗಳಾಡಿದರೆ.
ಮೇಲೆ ಅದರ ಹಸಿವಿಗೆ ಬೇರೆ ಪವರ್ ಸಪ್ಲೈ:
ಸೊಸೆ ಬರುವ ಮೊದಲೇ ಕೋಣೆ ಕಟ್ಟಿಸಿದ ಹಾಗೆ.

ಕೌಲ್ ಬಜಾರಿನ ಈ ಮಹಡಿಯಲ್ಲಿ
ಮೇ ಮಧ್ಯಾಹ್ನ ಗೋಡೆ ಮುಟ್ಟಿದರೆ ಕೈ ಸುಡುತ್ತದೆ.
ಪರದೆಯ ಮೂಲೆಯಲ್ಲಿ ಎಂಬತ್ತೊಂಬತ್ತು ಡಿಗ್ರಿ.
ಮೋಕಾದ ಮದುವೆ ಶೇಕಡಾ ಅರವತ್ತಕ್ಕೆ ನಿಂತುಬಿಟ್ಟಿದೆ.
ಸೋದರಮಾವ ಎತ್ತಿದ ಕೈ ಎತ್ತಿದಂತೆಯೇ,
ಅಕ್ಷತೆ ಇನ್ನೂ ಗಾಳಿಯಲ್ಲಿ.

ಒಮ್ಮೆ ನಿಂತರೆ ಧೂಳು ಅಂದೆ.
ಎರಡನೇ ಸಲ, ಬಿಸಿಲು.
ಮೂರನೇ ಸಲಕ್ಕೆ ಏನನ್ನಬೇಕೆಂದು
ಎರ್ರಿಸ್ವಾಮಿಯ ಮುಖ ನೋಡಲಿಲ್ಲ.
ಸಿರುಗುಪ್ಪದವರು ಇನ್ನೂ ಅರ್ಧ ದುಡ್ಡು ಕೊಟ್ಟಿಲ್ಲ.

ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿ
ಇದ್ದೊಂದು ಟೇಬಲ್ ಫ್ಯಾನನ್ನು ಅದರ ಕಡೆ ತಿರುಗಿಸಿದೆ.
ನನಗೆ ಸೆರಗಿನ ಗಾಳಿ ಸಾಕು.

ಅರವತ್ತೊಂದು.
ಅರವತ್ತೆರಡು.
ಅಕ್ಷತೆ ಬಿತ್ತು.

ಬಿಲ್ ಬುಕ್ಕಿನ ಹಿಂದೆ
ಹೋದ ವರ್ಷ ಬರೆದಿಟ್ಟ 'ಯುಗಾದಿ' ಅಳಿಸಿ
'ದೀಪಾವಳಿ' ಎಂದು ಬರೆದೆ.
ಪೆನ್ಸಿಲ್ಲಿನಲ್ಲಿ.