ಬಲದಿಂದ ಎಡಕ್ಕೆ

ಕೌರಾದಲ್ಲಿ ಜುಲೈ ಎಂದರೆ ಚಳಿ.
ಲಾಕ್ಲನ್ ಹೊಳೆಯ ಮೇಲೆ ಹನ್ನೊಂದಾದರೂ ಏಳದ ಮಂಜು.
ಸಮುದಾಯ ಭವನದ ಹಿಂಗೋಣೆಯಲ್ಲಿ
ತೊಮೊಎ ಹಸುಯಿಕೆ ಪುಕ್ಕ ಹಿಡಿದು ಬೂದಿ ಸವರುತ್ತಾರೆ.
ಒಳಗೆ ಹೂತ ಕೆಂಡ, ಮೇಲೆ ಅಭ್ರಕದ ಬಿಲ್ಲೆ,
ಬಿಲ್ಲೆಯ ಮೇಲೆ ಉಗುರಿನ ಚೂರಿನಷ್ಟು ಅಗರು.

"ಮೂಸಬೇಡಿ, ಕೇಳಿ" ಎಂದರು.
ನನಗೆ ನಗು ಬಂತು.
ಕಿವಿಗೊಟ್ಟರೂ ಕೇಳುವುದೇ, ಕೈಯೊಡ್ಡಿದರೂ ಕೇಳುವುದೇ ನಮ್ಮಲ್ಲಿ;
ಅವರ ಭಾಷೆಯಲ್ಲೂ ಹಾಗೆಯೇ ಅಂತೆ.

ಐದು ಸಲ ಬಟ್ಟಲು ಸುತ್ತಿ ಬರುತ್ತದೆ.
ಯಾವುದು ಯಾವುದರ ಹಾಗಿತ್ತು? ಅಷ್ಟೇ ಪ್ರಶ್ನೆ, ಹೆಸರು ಬೇಡ.
ಐದು ನೆಟ್ಟ ಗೆರೆ ಎಳೆಯಬೇಕು,
ಒಂದೇ ಕಂಪಿನವಕ್ಕೆ ಮೇಲೊಂದು ತೊಲೆ.

ಶಾಲೆಯಲ್ಲಿ ಲೆಕ್ಕ ಹೇಳುವವಳು, ಬೆರಳು ತಾನೇ ಮಡಿಯಿತು.
ಎಲ್ಲ ಬೇರೆ, ಒಂದು. ಎಲ್ಲ ಒಂದೇ, ಇನ್ನೊಂದು.
ಜೋಡಿ ಒಂದೇ ಆದರೆ ಹತ್ತು, ಎರಡಾದರೆ ಹದಿನೈದು,
ಮೂವರು ಕೂಡಿದರೆ ಇಪ್ಪತ್ತು,
ಒಬ್ಬರನ್ನು ಹೊರಗಿಟ್ಟರೆ ಐದು.
ಐವತ್ತೆರಡು. ಇಸ್ಪೀಟಿನ ಒಂದು ಕಟ್ಟು.
ಅವರ ಹಳೆಯ ಕಥೆಯೊಂದಕ್ಕೆ ಅಧ್ಯಾಯ ಐವತ್ತನಾಲ್ಕು;
ಮೊದಲನೆಯದಕ್ಕೂ ಕೊನೆಯದಕ್ಕೂ ಗುರುತಿಲ್ಲ,
ಉಳಿದವು ಒಂದೊಂದೂ ತೊಲೆ ಕಂಬದ ಮನೆ.

ನಾವೂ ಐವರು.
ಮಂಡಿ ಮೊಹಲ್ಲಾದ ಒಂದೇ ಕೋಣೆಯಲ್ಲಿ
ಹಲಗೆ ಹಾಕಿ ಊದುಬತ್ತಿ ಹೊಸೆದವರು, ಸಾವಿರಕ್ಕೆ ಏಳು ರೂಪಾಯಿ.
ಅನ್ನಕ್ಕೂ ಅದೇ ವಾಸನೆ, ಹರಳೆಣ್ಣೆಯ ಜಡೆಗೂ, ಪರೀಕ್ಷೆಯ ಹಾಳೆಗೂ.
ಆಗ ಐದು ಕಂಬಕ್ಕೂ ಒಂದೇ ತೊಲೆ.
ಅವ್ವ ಹೋದಳು. ಅಡ್ಡಿಕೆ ಒಂದೇ ಇತ್ತು.
ಸರ್ವಕ್ಕನಿಗೂ ನಾಲ್ಕನೆಯವಳು ಚಂಪಾಗೂ
ಹದಿನಾಲ್ಕು ವರ್ಷದಿಂದ ಮಾತಿಲ್ಲ.
ನಡುವಿನವಳು ಯಾರ ಬಾಗಿಲಿಗೂ ಹೋಗಳು.
ಎರಡನೆಯವಳು ನಾನು, ಕಿರಿಯಳು ನೀಲಾ:
ಭಾನುವಾರದ ಫೋನು, ಅಲ್ಲಿ ಬಿಸಿಲು, ಇಲ್ಲಿ ಚಳಿ, ಅಷ್ಟು.

ನನ್ನ ಮೂಗು ಎಂದೋ ಸತ್ತಿದೆ ಎಂದುಕೊಂಡಿದ್ದೆ.
ಆದರೆ ಎರಡನೆಯ ಬಟ್ಟಲಲ್ಲಿ ಒದ್ದೆ ಮರ,
ಅದರ ಬೆನ್ನಿಗೆ ಚೂರು ಕಹಿ.
ಐದನೆಯದು ಬಂದಾಗ ಅದೇ ಮರ, ಅದೇ ಕಹಿ.
ಸಂಶಯವೇ ಇರಲಿಲ್ಲ.
ಕುಂಚ ಅದ್ದಿ ಎಳೆದೆ ಐದು ಗೆರೆ,
ಎರಡಕ್ಕೂ ಐದಕ್ಕೂ ತೊಲೆ.

ಔಷಧಿ ಅಂಗಡಿಯ ಡೆಸ್ಪಿನಾಗೆ ಪೂರ್ತಿ ಅಂಕ.
ಉಣ್ಣೆ ವಿಂಗಡಿಸಿ ಬೆರಳು ಸವೆಸಿಕೊಂಡ ಮುದುಕ ಪಾಸ್ಕೋಗೂ.
ನನಗೆ ಸೊನ್ನೆ.
"ಸರಿಯಾಗಿ ಕೇಳಿದ್ದೀರಿ," ಎಂದರು ತೊಮೊಎ,
"ಬರೆದದ್ದು ಎಡದಿಂದ.
ಇಲ್ಲಿ ಮೊದಲನೆಯದು ಬಲಕ್ಕೆ."

ಬಲದಿಂದ ಎಣಿಸಿದೆ.
ಒಂದು, ನಾಲ್ಕು.
ಇನ್ನೊಮ್ಮೆ ಎಣಿಸಿದೆ.
ದೊಡ್ಡವಳು, ಚಂಪಾ, ಒಂದೇ ತೊಲೆಯ ಕೆಳಗೆ,
ನಡುವೆ ತಲೆ ತಗ್ಗಿಸಿಕೊಂಡು ಇಬ್ಬರು ಕುಳ್ಳಿಯರು,
ಅದರಲ್ಲೊಬ್ಬಳು ನಾನು.
ಆಚೆ ತುದಿಗೆ ನೀಲಾ, ಒಂಟಿ.

ಈ ಗುರುತಿಗೂ ಒಂದು ಅಧ್ಯಾಯದ ಹೆಸರಿದೆ ಎಂದರು,
ಬಟ್ಟಲು ಒರೆಸುತ್ತ.
ಯಾವುದೆಂದು ನಾನು ಕೇಳಲಿಲ್ಲ.
ಕಾಗದವನ್ನು ಮಡಿಸದೆ
ಕಾರಿನ ಪಕ್ಕದ ಸೀಟಿನ ಮೇಲಿಟ್ಟೆ,
ಶಾಯಿ ಇನ್ನೂ ಹಸಿ.